ಸಪ್ಟೆಂಬರ 17: ತೀರದಿರುವ ಋಣ

ಮತ್ತೊಮ್ಮೆ ಸಪ್ಟೆಂಬರ 17 ಸಮೀಪಿಸಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಊರೂರುಗಳಲ್ಲಿ ಅಂದು ತ್ರಿವರ್ಣ ಧ್ವಜ ಏರುವುದು. ಮಟಕಿಯಂಥ ಗ್ರಾಮದ ಶಾಲೆಯ ಅಂಗಳದಲ್ಲಿಯೂ ಮಕ್ಕಳು ಸಾಲುಗಟ್ಟಿ ನಿಂತು ರಾಷ್ಟ್ರಗೀತೆಯನ್ನು ಹಾಡುವರು. ಪುಢಾರಿಗಳು ಭಾಷಣ ಮಾಡುವರು, ಸಿಹಿ ಹಂಚಿಕೆಯಾಗುವುದು, ಮಧ್ಯಾಹ್ನದೊಳಗೆ ಸಮಾರಂಭ ಮುಗಿದು ಜನರು ತಮ್ಮ ತಮ್ಮ ಹೊಲಗಳಿಗೆ ಮರಳುವರು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಆ ಮಕ್ಕಳಲ್ಲೊಬ್ಬನು ಮನೆಗೆ ಬಂದು, 'ಅಜ್ಜಾ, ನಾವು ಯಾರಿಂದ ಬಿಡುಗಡೆ ಹೊಂದಿದೆವು?' ಎಂದು ಕೇಳಿದನೆನ್ನಿರಿ. ಆ ಅಜ್ಜನು ಏನು ಉತ್ತರ ಹೇಳಬೇಕು? ಇಂದಿನ ಭಾಷಣಗಳಿಂದ ಕಲಿತ ಸುಲಭವಾದ ಉತ್ತರವೊಂದಿದೆ: 'ಮುಸಲ್ಮಾನ ದೊರೆಯಿಂದ' ಎಂಬುದೇ ಅದು. ಈ ಉತ್ತರವು ಸುಲಭವಾಗಿರುವಷ್ಟೇ ತಪ್ಪಾಗಿದೆಯೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ನಾವು ಬಿಡುಗಡೆ ಹೊಂದಿದ್ದು ಒಂದು ಮತದಿಂದಲ್ಲ. ಪ್ರಜೆಗಳಿಗೆ ಲೆಕ್ಕ ಕೊಡದ ಅಧಿಕಾರದಿಂದ, ಮತ್ತು ಆ ಅಧಿಕಾರವು ಸಾಕಿ ಬೆಳೆಸಿದ ಶಸ್ತ್ರಧಾರಿ ಗುಂಪಿನಿಂದ. ಈ ಭೇದವನ್ನು ಮರೆತರೆ ನಾವು ಧ್ವಜವನ್ನು ಏರಿಸಿಯೂ ಬಿಡುಗಡೆಯ ಅರ್ಥವನ್ನು ಕಳೆದುಕೊಂಡವರಾಗುತ್ತೇವೆ.

ಆ ಕಾಲವೆಂಥದೆಂಬುದನ್ನು ಹೊಸ ತಲೆಮಾರಿನವರಿಗೆ ಸಂಕ್ಷೇಪವಾಗಿಯಾದರೂ ತಿಳಿಸುವುದು ಅವಶ್ಯ. ಹೈದರಾಬಾದ ಸಂಸ್ಥಾನದಲ್ಲಿ ಒಟ್ಟು 16 ಜಿಲ್ಲೆಗಳಿದ್ದವು. ಎಂಟು ತೆಲುಗು, ಐದು ಮರಾಠಿ, ಉಳಿದ ಮೂರು, ಎಂದರೆ ಗುಲಬರ್ಗಾ, ಬೀದರ, ರಾಯಚೂರು, ಕನ್ನಡದವು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1911ರಲ್ಲಿ ಪಟ್ಟವೇರಿದರು. ಅಫಜಲಪುರದ ಬದಿಯಲ್ಲಿ ಭೀಮಾನದಿಯನ್ನು ದಾಟಿದರೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಆಳಂದದ ಪಡುವಣಕ್ಕೆ ನಡೆದರೆ ಅಕ್ಕಲಕೋಟೆ, ಸೋಲಾಪುರಗಳ ಸೀಮೆ. ಎರಡು ಕಡೆಗೂ ಒಂದೇ ಭಾಷೆ, ಒಂದೇ ಜೋಳದ ರೊಟ್ಟಿ, ಒಂದೇ ಬಳಗ. ಆದರೆ ನಡುವೆ ಕರೋಡಗಿರಿಯ ನಾಕೆ, ಬೇರೆ ನಾಣ್ಯ, ಬೇರೆ ಕಾನೂನು. ಸೋಲಾಪುರದಲ್ಲಿ ಬಾಯಿಬಿಟ್ಟು ಆಡಬಹುದಾದ ಮಾತನ್ನು ಆಳಂದದಲ್ಲಿ ಪಿಸುಗುಟ್ಟಬೇಕಾಗಿತ್ತು. 'ಗಸ್ತಿ ನಿಶಾನ್ 53' ಎಂಬ ಹುಕುಮಿನ ಪ್ರಕಾರ ಸರಕಾರದ ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. ಕಚೇರಿ ನ್ಯಾಯಾಲಯಗಳ ವ್ಯವಹಾರವೆಲ್ಲ ಉರ್ದುವಿನಲ್ಲಿ; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿದ್ಯಾಪೀಠದ ಶಿಕ್ಷಣವೂ ಉರ್ದುವಿನಲ್ಲಿಯೇ. ತನ್ನ ಹೊಲದ ಕಾಗದವನ್ನು ತಾನು ಓದಿಕೊಳ್ಳಲಾರದ ಒಕ್ಕಲಿಗನು ಓದಿ ಹೇಳುವವನ ಪ್ರಾಮಾಣಿಕತೆಯನ್ನೇ ನಂಬಿ ಬದುಕಬೇಕಾಗಿತ್ತು. ಇದರ ಮೇಲೆ ಸಂಸ್ಥಾನದ ಭೂಮಿಯಲ್ಲಿ ಬಹು ದೊಡ್ಡ ಭಾಗವು ಜಾಗೀರು, ಪಾಯಗಾ, ಸರ್ಫೆಖಾಸ್ ಎಂಬ ಹೆಸರುಗಳಿಂದ ನೇರವಾದ ಸರಕಾರಿ ಆಡಳಿತದ ಹೊರಗಿತ್ತು. ಅಲ್ಲಿ ಬಿಟ್ಟಿ ದುಡಿಮೆಯೂ ಇತರ ವಸೂಲಿಗಳೂ ಕೇಳುವವರಿಲ್ಲದೆ ನಡೆಯುತ್ತಿದ್ದವು.

ನಿಜಾಮರು ಒಳ್ಳೆಯದನ್ನೇ ಮಾಡಲಿಲ್ಲವೇ ಎಂದು ಕೆಲವರು ಕೇಳುವುದುಂಟು. ಮಾಡಿದರು. ನಿಜಾಮಸಾಗರವನ್ನು ಕಟ್ಟಿಸಿದರು, ವಿದ್ಯಾಪೀಠ, ಆಸ್ಪತ್ರೆ, ರೈಲುಮಾರ್ಗಗಳನ್ನು ಕೊಟ್ಟರು. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಕೊಡುವವನು ಒಬ್ಬನೇ, ಬೇಡುವವರು ಕೋಟಿ ಜನ ಎಂಬ ಸ್ಥಿತಿಯಲ್ಲಿ ಒಳ್ಳೆಯದೂ ಭಿಕ್ಷೆಯೇ ಆಗುತ್ತದೆ. ಭಿಕ್ಷೆಯನ್ನು ಕೊಟ್ಟ ಕೈ ನಾಳೆ ಕಸಿದುಕೊಂಡರೆ ಕೇಳಲು ಬೇಡುವವನಿಗೆ ಹಕ್ಕೆಲ್ಲಿಯದು? 1938ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ಹುಟ್ಟುತ್ತಿದ್ದಂತೆಯೇ ಅದರ ಮೇಲೆ ಪ್ರತಿಬಂಧ ಬಿದ್ದಿತು. ಆ ಪ್ರತಿಬಂಧ ತೆಗೆಯಲ್ಪಟ್ಟದ್ದು 1946ರಲ್ಲಿ. ಅದೇ 1938ರ ಕೊನೆಗೆ ವಂದೇ ಮಾತರಂ ಹಾಡಿದ ತಪ್ಪಿಗೆ ಉಸ್ಮಾನಿಯಾದ ವಿದ್ಯಾರ್ಥಿಗಳನ್ನು ಹೊರಗೆ ಹಾಕಲಾಯಿತು. ಅವರು ಹೋಗಿ ನಾಗಪುರದಲ್ಲಿ ಓದಬೇಕಾಯಿತು. ಪ್ರಜೆಯ ಬಾಯಿಗೆ ಬೀಗ ಹಾಕಿದ ಅರಸನ ಕಿವಿಗೆ ಹೊಗಳುಭಟ್ಟರ ಮಾತು ಹೊರತು ಬೇರೇನು ಬಿದ್ದೀತು?

ಇಲ್ಲಿಯೇ ನಮ್ಮ ವಾಚಕರು ಗಮನಿಸಬೇಕಾದ ಮುಖ್ಯ ಸಂಗತಿಯಿದೆ. ನಿರಂಕುಶ ಪ್ರಭುತ್ವವು ತನ್ನ ಕಾನೂನಿನಿಂದಲೇ ಜನರನ್ನು ಹಿಡಿದಿಡಲಾರದ ಕಾಲ ಬಂದಾಗ ಕಾನೂನಿನ ಹೊರಗೊಂದು ಸೈನ್ಯವನ್ನು ಹುಡುಕುತ್ತದೆ. 1927ರಲ್ಲಿ ಹುಟ್ಟಿದ ಮಜಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಸಂಸ್ಥೆಯ ನಾಯಕತ್ವವು 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜವಿಯ ಕೈಗೆ ಬಂದಿತು. ಅವನ ಸ್ವಯಂಸೇವಕರೇ ರಜಾಕಾರರು. 1947ರ ಜೂನಿನಲ್ಲಿ ನಿಜಾಮರು ತಾವು ಹಿಂದುಸ್ಥಾನಕ್ಕಾಗಲಿ ಪಾಕಿಸ್ತಾನಕ್ಕಾಗಲಿ ಸೇರದೆ ಸ್ವತಂತ್ರರಾಗುವೆವೆಂದು ಫರ್ಮಾನು ಹೊರಡಿಸಿದರು. ಆ ಹಟವನ್ನು ಕಾಯಲು ಸರಕಾರಿ ಫೌಜು ಸಾಲದೆನಿಸಿತು. ರಜಾಕಾರರಿಗೆ ಕಣ್ಣುಮುಚ್ಚಿದ ಅನುಮತಿ ಸಿಕ್ಕಿತು. ಪರಿಣಾಮವೇನಾಯಿತು? ದಿಲ್ಲಿಯೊಡನೆ ಯಥಾಸ್ಥಿತಿ ಒಪ್ಪಂದದ ಕರಡು ಸಿದ್ಧವಾಗಿ, ನಿಜಾಮರ ನಿಯೋಗವು ಹೊರಡಬೇಕೆಂದಿದ್ದ ಅಕ್ಟೋಬರ 27ರ ಬೆಳಗಿನ ಜಾವ ರಜವಿಯ ಜನರು ನಿಯೋಗದ ಸದಸ್ಯರ ಮನೆಗಳನ್ನು ಮುತ್ತಿಬಿಟ್ಟರು. ದಿವಾನರಾದ ಛತಾರಿಯ ನವಾಬರು ಹೊರಡಲಾಗಲಿಲ್ಲ. ಮುಂದೆ ಅವರು ಪದತ್ಯಾಗವನ್ನೇ ಮಾಡಿದರು. ನಿಜಾಮರು ಗುಂಪನ್ನು ದಂಡಿಸಲಿಲ್ಲ, ನಿಯೋಗವನ್ನೇ ಬದಲಿಸಿದರು! ಕೊನೆಗೆ ನವಂಬರ 29ರಂದು ಹೆಚ್ಚು ಕಡಿಮೆ ಅದೇ ಕರಡಿಗೆ ರುಜು ಬಿದ್ದಿತು. ಆದರೆ ಆ ಬೆಳಗಿನ ಜಾವದ ಹೊತ್ತಿಗೆ ಸಂಸ್ಥಾನದ ನಿಜವಾದ ಒಡೆಯನಾರೆಂಬುದು ಬಯಲಾಗಿತ್ತು. ಹುಲಿಯ ಮೇಲೆ ಸವಾರಿ ಹೊರಟವನು ಇಳಿಯಲಾರನು.

ಇದು ನಮ್ಮ ನಾಡಿನ ಒಂದು ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ಇಟಲಿಯಲ್ಲಿ 1922ರಲ್ಲಿ ಮುಸೋಲಿನಿಯ ಕರಿಯ ಅಂಗಿಯವರು ರೋಮಿನತ್ತ ನಡೆದಾಗ ಅಲ್ಲಿಯ ಅರಸನು ಅವರನ್ನು ತಡೆಯುವ ಬದಲು ಅಧಿಕಾರಕ್ಕೇ ಕರೆದನು. ಜರ್ಮನಿಯಲ್ಲಿ 1933ರ ಜನವರಿ 30ರಂದು ಹಿಟ್ಲರನು ಪ್ರಧಾನಿಯಾದದ್ದೂ ಅಂಗಳದಲ್ಲಿ ಕಟ್ಟಿಹಾಕಿ ಬಳಸಿಕೊಳ್ಳಬಹುದೆಂದು ದೊಡ್ಡ ಮನುಷ್ಯರು ಲೆಕ್ಕ ಹಾಕಿದ್ದರಿಂದ. ಮಾರ್ಚ ಮುಗಿಯುವುದರೊಳಗೆ ಶಾಸನ ಮಾಡುವ ಅಧಿಕಾರವೇ ಅವನ ಕೈ ಸೇರಿತ್ತು. ಅರಸನಿಗೆ ಕಿರೀಟ, ಸಿರಿವಂತರಿಗೆ ಗಂಟು, ಗುಂಪಿಗೆ ಬೀದಿ ಎಂಬ ಈ ಒಪ್ಪಂದದಲ್ಲಿ ಕೊನೆಗೆ ಬೀದಿಯವರೇ ಮೂರನ್ನೂ ನುಂಗುತ್ತಾರೆ. ರೋಮ, ಬರ್ಲಿನ್, ಹೈದರಾಬಾದ, ಮೂರೂ ಊರುಗಳಲ್ಲಿ ಮತ ಬೇರೆ, ಭಾಷೆ ಬೇರೆ; ರೋಗ ಮಾತ್ರ ಒಂದೇ.

ರಜಾಕಾರರ ಹಾವಳಿಯನ್ನು ನಮ್ಮ ಸೀಮೆಯವರಿಗೆ ಬಣ್ಣಿಸಿ ಹೇಳಬೇಕಾದ ಕಾರಣವಿಲ್ಲ. ನಮ್ಮ ಬಾಲ್ಯದಲ್ಲಿ ಮನೆಯ ಹಿರಿಯರು ಕಾಲವನ್ನು ಎಣಿಸುತ್ತಿದ್ದುದೇ ಅದರಿಂದ. 'ಹಾವಳಿಯ ವರ್ಷ ಹುಟ್ಟಿದವ', 'ಹಾವಳಿಯಲ್ಲಿ ಗಂಡನನ್ನು ಕಳೆದುಕೊಂಡವಳು' ಎಂದು ಹೇಳಿದರೆ ಸಾಕು, ಇಸವಿ ಬೇಕಾಗಿರಲಿಲ್ಲ. ಗಡಿಯ ಹಳ್ಳಿಗಳ ಜನರು ರಾತ್ರೋರಾತ್ರಿ ದನಕರುಗಳನ್ನು ಬಿಟ್ಟು ಸೋಲಾಪುರದ ಕಡೆಗೂ ಭೀಮೆಯ ಆಚೆಗೂ ಓಡಿಹೋದರು. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಊರಿನವರು ಇಂದಿಗೂ ಮರೆತಿಲ್ಲ. ಇದನ್ನು ಎದುರಿಸಿದವರೂ ನಮ್ಮವರೇ. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ ಸನ್ಯಾಸ ಸ್ವೀಕರಿಸಿದ ಸ್ವಾಮಿ ರಮಾನಂದ ತೀರ್ಥರು ಸ್ಟೇಟ್ ಕಾಂಗ್ರೆಸ್ಸಿನ ಮುಖಂಡರಾಗಿ ಸೆರೆಮನೆಯನ್ನೇ ಆಶ್ರಮ ಮಾಡಿಕೊಂಡರು. 1947ರ ಆಗಸ್ಟ 7ರಂದು ಹಿಂದುಸ್ಥಾನದಲ್ಲಿ ಸೇರುವ ಚಳವಳಿಗೆ ಕರೆಯಿತ್ತು, ಆಗಸ್ಟ 15ರಂದು ಬಂಧಿತರಾದರು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಗಡಿ ಶಿಬಿರವನ್ನು ಕಟ್ಟಿದರು.

ಪತ್ರಿಕಾವೃತ್ತಿಯಲ್ಲಿರುವ ನಾವು ಮತ್ತೊಂದು ಹೆಸರನ್ನು ಹೇಳದೆ ಮುಂದೆ ಹೋಗಲಾರೆವು. ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯ ಸಂಪಾದಕರಾಗಿದ್ದ ಶೋಯೆಬುಲ್ಲಾ ಖಾನರು ರಜಾಕಾರರನ್ನು ಖಂಡಿಸಿ, ಸಂಸ್ಥಾನವು ಹಿಂದುಸ್ಥಾನದಲ್ಲಿ ಸೇರಬೇಕೆಂದು ಬರೆದರು. ರಜಾಕಾರ ದಳವನ್ನು ವಿಸರ್ಜಿಸಬೇಕೆಂದು ಮುಸ್ಲಿಂ ಗಣ್ಯರು ಕೊಟ್ಟ ಹೇಳಿಕೆಯನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. 1948ರ ಆಗಸ್ಟ ತಿಂಗಳ 21ರ ರಾತ್ರಿ ಕಚೇರಿಯಿಂದ ಮನೆಗೆ ಮರಳುತ್ತಿದ್ದಾಗ ಅವರ ಮೇಲೆ ಗುಂಡು ಹಾರಿಸಿ, ಬರೆಯುವ ಕೈಯನ್ನು ಕಡಿದರು. ಬೆಳಗಾಗುವುದರೊಳಗೆ ಅವರು ತೀರಿಕೊಂಡರು. ಬಿಡುಗಡೆಯ ದಿನವನ್ನು ನೋಡಲು ಇನ್ನೂ ನಾಲ್ಕು ವಾರಗಳಷ್ಟೇ ಉಳಿದಿದ್ದವು. ನಮ್ಮ ಸಪ್ಟೆಂಬರ 17ರ ವೇದಿಕೆಗಳಲ್ಲಿ ಈ ಮಹನೀಯರ ಹೆಸರನ್ನು ಎಷ್ಟು ಮಂದಿ ಎತ್ತುತ್ತಾರೆ? ಎತ್ತುವುದಿಲ್ಲವಾದರೆ ಅದರ ಕಾರಣವನ್ನು ನಮ್ಮ ನಮ್ಮ ಮನಸ್ಸನ್ನೇ ಕೇಳಿಕೊಳ್ಳುವುದು ಒಳಿತು. 'ಮುಸಲ್ಮಾನ ದೊರೆಯಿಂದ ಬಿಡುಗಡೆ' ಎಂಬ ಸುಲಭದ ಉತ್ತರದೊಳಗೆ ಶೋಯೆಬುಲ್ಲಾ ಖಾನರಿಗೆ ಸ್ಥಳವಿಲ್ಲ!

1948ರ ಸಪ್ಟೆಂಬರ 13ರಂದು ಹಿಂದುಸ್ಥಾನದ ಸೈನ್ಯ ಗಡಿಯನ್ನು ದಾಟಿತು. ಸೋಲಾಪುರದಿಂದ ಹೊರಟ ಮುಖ್ಯ ಪಡೆ ಆಳಂದದ ನೆರೆಯ ನಳದುರ್ಗದ ಹಾದಿಯಿಂದಲೇ ಮುಂದುವರಿಯಿತು. ಐದನೆಯ ದಿನ, ಸಪ್ಟೆಂಬರ 17ರಂದು, ನಿಜಾಮರು ಶರಣಾಗತಿಯನ್ನು ಘೋಷಿಸಿದರು. ಕೆಲವು ದಿನಗಳ ನಂತರ ರೇಡಿಯೋದಲ್ಲಿ ಮಾತನಾಡಿ, ಒಂದು ಸಣ್ಣ ಗುಂಪು ಹಿಟ್ಲರನ ರೀತಿಯಿಂದ ರಾಜ್ಯವನ್ನು ವಶಪಡಿಸಿಕೊಂಡು ತಮ್ಮನ್ನು ಅಸಹಾಯರನ್ನಾಗಿ ಮಾಡಿತ್ತೆಂಬ ಅರ್ಥದ ಮಾತನ್ನು ಅವರೇ ಆಡಿದರು. ಸಾಕಿದವರೇ ಕೊಟ್ಟ ಸಾಕ್ಷಿಯಿದು. ಸೇನಾ ಕಾರ್ಯಾಚರಣೆಯು ನ್ಯಾಯವಾದುದೆಂಬ ವಿಷಯದಲ್ಲಿ ನಮಗೆ ಅಂದಿಗೂ ಇಂದಿಗೂ ಸಂಶಯವಿಲ್ಲ. ಸರದಾರ ಪಟೇಲರು ಮಾಡದಿದ್ದರೆ ಮಟಕಿಯ ಒಕ್ಕಲಿಗನಿಗೆ ಮತವೂ ಇರುತ್ತಿರಲಿಲ್ಲ, ಭೂಮಿಯೂ ಇರುತ್ತಿರಲಿಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು. 1952ರಲ್ಲಿ ನಮ್ಮ ಜನರು ಮೊದಲ ಸಲ ಸಾರ್ವತ್ರಿಕ ಮತದಾನ ಮಾಡಿ ಗುಲಬರ್ಗೆಯಿಂದ ರಮಾನಂದ ತೀರ್ಥರನ್ನೇ ಲೋಕಸಭೆಗೆ ಕಳಿಸಿದರು. 1956ರ ನವಂಬರ 1ರಂದು ನಮ್ಮ ಮೂರು ಜಿಲ್ಲೆಗಳು ಕನ್ನಡ ತಾಯಿಯ ಮನೆಗೆ ಬಂದವು.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಎಲ್ಲರಿಗೂ ಸಂತೋಷವಾದೀತು. ಆದರೆ ಅದು ಸತ್ಯದ ಅರ್ಧ ಮಾತ್ರ. ಹಾವಳಿಯ ಕಥೆಯನ್ನು ರಾತ್ರಿಯೆಲ್ಲ ಹೇಳುತ್ತಿದ್ದ ನಮ್ಮ ಹಿರಿಯರು 'ಪೋಲೀಸ ಆ್ಯಕ್ಷನ್ನಿನ' ತರುವಾಯದ ವಾರಗಳ ಮಾತು ಬಂದಾಗ ಥಟ್ಟನೆ ಸುಮ್ಮನಾಗುತ್ತಿದ್ದರು. ಅವರ ಆ ಮೌನದ ಅರ್ಥ ನಮಗೆ ಬಹುಕಾಲದ ಮೇಲೆ ತಿಳಿಯಿತು. ರಜಾಕಾರರು ಓಡಿಹೋದ ಮೇಲೆ ಸೇಡು ಎದ್ದು ನಿಂತಿತು. ಅದು ರಜಾಕಾರನನ್ನು ಹುಡುಕಲಿಲ್ಲ, ಕೈಗೆ ಸಿಕ್ಕ ನೆರೆಯವನನ್ನು ಹಿಡಿಯಿತು. ನೇಕಾರ, ಪಿಂಜಾರ, ಕೂಲಿಕಾರ, ಎಂದೂ ಬಂದೂಕು ಮುಟ್ಟದವರು, ಮುಸಲ್ಮಾನರೆಂಬ ಒಂದೇ ಕಾರಣಕ್ಕಾಗಿ ಸತ್ತರು. ಅಂದಿನ ಭಾರತ ಸರಕಾರವೇ ಕಳಿಸಿದ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ ಮೊದಲಾದವರ ಸಮಿತಿಯು 1948ರ ನವಂಬರ ಡಿಸೆಂಬರಗಳಲ್ಲಿ 16ರಲ್ಲಿ 9 ಜಿಲ್ಲೆಗಳನ್ನು ಸಂಚರಿಸಿ ವರದಿ ಬರೆಯಿತು. ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ 27,000ದಿಂದ 40,000ದ ವರೆಗೆ ಇರಬಹುದೆಂದು ಅದು ಅಂದಾಜು ಮಾಡಿತು. ಅತ್ಯಂತ ಹೆಚ್ಚು ನೊಂದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಈ ನಾಲ್ಕರಲ್ಲಿಯೇ 18,000ಕ್ಕೆ ಕಡಿಮೆಯಿಲ್ಲ ಎಂದಿತು. ಗುಲಬರ್ಗಾ ಎಂದರೆ ನಮ್ಮ ಆಳಂದ, ನಮ್ಮ ಅಫಜಲಪುರ, ನಮ್ಮ ಜೇವರ್ಗಿಗಳನ್ನು ಒಳಗೊಂಡ ಜಿಲ್ಲೆಯೆಂಬುದನ್ನು ವಾಚಕರು ಮರೆಯಬಾರದು. ಅದೇ ವರದಿಯಲ್ಲಿ ಮತ್ತೊಂದು ಸಂಗತಿಯೂ ಇದೆ. ಕೆಲವೆಡೆಗಳಲ್ಲಿ ಹಿಂದೂ ನೇಕಾರರು ತಮ್ಮ ಮುಸಲ್ಮಾನ ಒಡನಾಡಿ ನೇಕಾರರನ್ನು ರಕ್ಷಿಸಲು ಹೋಗಿ ತಾವೂ ಪ್ರಾಣ ತೆತ್ತರೆಂದು ಅದು ಹೇಳುತ್ತದೆ. ಆ ನೇಕಾರರ ಹೆಸರುಗಳು ನಮಗೆ ಯಾವ ಪಾಠಪುಸ್ತಕದಲ್ಲಿಯೂ ಸಿಗಲಿಲ್ಲ.

ಈ ವರದಿಯನ್ನು ಏನು ಮಾಡಲಾಯಿತು? ದಪ್ತರಿನಲ್ಲಿಟ್ಟು ಬೀಗ ಹಾಕಲಾಯಿತು. ಪ್ರಕಟವಾದರೆ ಕೆಡಕು ಹೆಚ್ಚೀತೆಂಬ ಭಯವು 1949ರಲ್ಲಿ ಅರ್ಥವಿಲ್ಲದ್ದಲ್ಲ. ಆದರೆ ಅದು ಸಾರ್ವಜನಿಕರ ಓದಿಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ದೊರೆತದ್ದು 2013ರ ಹೊತ್ತಿಗೆ! ನೋಡಿದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಮಣ್ಣು ಸೇರಿದ್ದರು. ಗಸ್ತಿ 53ನ್ನು ಬೈಯುವ ನಾವು, ಸ್ವತಂತ್ರ ಸರಕಾರವೂ ಪ್ರಜೆಗಳಿಂದ ಸತ್ಯವನ್ನು ಮುಚ್ಚಿಟ್ಟಿತೆಂದು ಹೇಳಲು ಏಕೆ ಹಿಂಜರಿಯಬೇಕು? ಪ್ರಜೆಗೆ ಲೆಕ್ಕ ಕೊಡದಿರುವ ಚಟವು ನಿಜಾಮರೊಡನೆ ಹೋಗಲಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇನ್ನೊಂದು ನಿದರ್ಶನ 1975ರದು. ಆ ವರ್ಷದ ಜೂನ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಹಿಂದೂ ಮುಸಲ್ಮಾನರೆಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಪರದೇಶದ ಅರಸರೂ ಇರಲಿಲ್ಲ. ತ್ರಿವರ್ಣ ಧ್ವಜದ ನೆರಳಿನಲ್ಲಿಯೇ, ನಾವೇ ಆರಿಸಿದ ಸರಕಾರವೇ ಪತ್ರಿಕೆಗಳ ಮೇಲೆ ಮುನ್‌ತನಿಖೆ ಹೇರಿತು. ವಿಚಾರಣೆಯಿಲ್ಲದೆ ಜನರನ್ನು ಸೆರೆಗೆ ನೂಕಿತು. ಬೆಂಗಳೂರಿನ ಕೇಂದ್ರ ಕಾರಾಗೃಹವು ವಾಜಪೇಯಿ, ಅಡವಾಣಿ, ಮಧು ದಂಡವತೆಯವರಂಥ ಲೋಕಪ್ರತಿನಿಧಿಗಳಿಂದ ತುಂಬಿತು. ನಟಿ ಸ್ನೇಹಲತಾ ರೆಡ್ಡಿಯವರು ಅದೇ ಸೆರೆಯಲ್ಲಿ ಕಾಯಿಲೆ ಬಿದ್ದು, ಬಿಡುಗಡೆಯಾದ ಸ್ವಲ್ಪ ದಿನಗಳಲ್ಲಿಯೇ 1977ರ ಜನವರಿಯಲ್ಲಿ ಮರಣ ಹೊಂದಿದರು. ಅದೇ ವರ್ಷದ ಮಾರ್ಚದಲ್ಲಿ ಉತ್ತರ ಹಿಂದುಸ್ಥಾನದ ಮತದಾರರು ಆ ಸರಕಾರವನ್ನು ಕಿತ್ತೊಗೆದರು. ನಮ್ಮ ಕರ್ನಾಟಕವಾದರೋ 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ನಿರಂಕುಶತೆಯನ್ನು ಗುರುತಿಸುವ ಕಣ್ಣು ನಮಗೆ ಹುಟ್ಟಿನಿಂದಲೇ ಬಂದಿದೆಯೆಂದು ಹೆಮ್ಮೆಪಡುವವರು ಈ ಅಂಕಿಯನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಬರಿಯ ವಿಲಾಪದಿಂದ ಪ್ರಯೋಜನವಿಲ್ಲ. 2019ರಲ್ಲಿ ನಮ್ಮ ಸೀಮೆಗೆ 'ಕಲ್ಯಾಣ ಕರ್ನಾಟಕ' ಎಂದು ಹೆಸರಿಟ್ಟಾಯಿತು. ಕಲ್ಯಾಣವೆಂಬುದು ಬಸವಣ್ಣನವರ ಊರಿನ ಹೆಸರು. ಆ ಹೆಸರನ್ನು ಹೊತ್ತವರು ಅರ್ಧ ಸತ್ಯದಿಂದ ತೃಪ್ತರಾಗಬಾರದು. ನಮ್ಮ ಸೂಚನೆಗಳು ಮೂರು. ಮೊದಲನೆಯದು: ಪ್ರತಿಯೊಂದು ಗ್ರಾಮ ಪಂಚಾಯತಿಯೂ ಒಂದು ಸ್ಮರಣೆಯ ದಪ್ತರನ್ನು ತೆರೆಯಲಿ. 1947-48ರಲ್ಲಿ ಆ ಊರಿನಲ್ಲಿ ಸತ್ತವರ, ಊರು ಬಿಟ್ಟವರ, ಸೆರೆಗೆ ಹೋದವರ, ನೆರೆಯವರನ್ನು ಮನೆಯೊಳಗೆ ಬಚ್ಚಿಟ್ಟು ಉಳಿಸಿದವರ ಹೆಸರುಗಳನ್ನು ಅದರಲ್ಲಿ ಬರೆಯಲಿ. ಸಪ್ಟೆಂಬರ 17ರ ಹಿಂದೆ ಸತ್ತವರು ಮುಂದೆ ಸತ್ತವರು ಎಂಬ ಭೇದ ಬೇಡ. ಜಾತಿಮತದ ಕಂಬವೂ ಬೇಡ. ಅಂದು ಹತ್ತು ವರ್ಷದ ಹುಡುಗರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಇನ್ನು ಕೆಲವು ವರ್ಷ ತಡಮಾಡಿದರೆ ಕೇಳುವುದಕ್ಕೆ ಯಾರೂ ಇರಲಾರರು. ಎರಡನೆಯದು: ಸುಂದರಲಾಲ ಸಮಿತಿಯ ವರದಿಯನ್ನು ಕನ್ನಡಕ್ಕೆ ತಂದು ಜಿಲ್ಲೆಯ ಎಲ್ಲ ಗ್ರಂಥಾಲಯಗಳಲ್ಲಿಡುವ ಹೊಣೆಯನ್ನು ನಮ್ಮ ವಿಶ್ವವಿದ್ಯಾಲಯವು ವಹಿಸಿಕೊಳ್ಳಲಿ. ಮೂರನೆಯದು: ಧ್ವಜವೇರುವಾಗ ರಮಾನಂದ ತೀರ್ಥರ ಹೆಸರಿನೊಡನೆ ಶೋಯೆಬುಲ್ಲಾ ಖಾನರ ಹೆಸರನ್ನೂ ಮಕ್ಕಳ ಬಾಯಿಂದ ಹೇಳಿಸಲಿ. ಇದಕ್ಕೆ ಸರಕಾರದ ಹಣ ಬೇಕಿಲ್ಲ, ಹುಕುಮೂ ಬೇಕಿಲ್ಲ.

ಹಳೆಯ ಹುಣ್ಣನ್ನು ಕೆರೆಯಬಾರದೆಂದು ಹೇಳುವವರಿದ್ದಾರೆ. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ಹುಣ್ಣು ಮಾಯ್ದಿಲ್ಲವೆಂಬುದನ್ನು ಪ್ರತಿ ಚುನಾವಣೆಯೂ ತೋರಿಸಿಕೊಡುತ್ತಿದೆ. ಒಂದು ಗುಂಪು ಹಾವಳಿಯನ್ನಷ್ಟೇ ನೆನೆಯುತ್ತದೆ. ಇನ್ನೊಂದು ತರುವಾಯದ ಸೇಡನ್ನಷ್ಟೇ ನೆನೆಯುತ್ತದೆ. ಎರಡೂ ತಮ್ಮ ತಮ್ಮ ಅರ್ಧವನ್ನು ಕತ್ತಿಯಂತೆ ಮಸೆಯುತ್ತವೆ. ಪೂರ್ಣ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ಆ ಕತ್ತಿಗೆ ಹಿಡಿಯೇ ಇರಲಾರದು. ಲಾಡಲೆ ಮಶಾಯಕರ ದರ್ಗೆಯೂ ರಾಘವ ಚೈತನ್ಯರ ಸಮಾಧಿಯೂ ಒಂದೆಡೆಯಲ್ಲಿರುವ ಆಳಂದದ ಜನರಿಗೆ ಇದನ್ನು ನಾವು ಕಲಿಸಬೇಕೇ?

ನಮ್ಮ ಪತ್ರಿಕೆಯು ತನ್ನ ಪಾಲಿನ ಕೆಲಸಕ್ಕೆ ಸಿದ್ಧವಿದೆ. ಯಾವ ಊರಿನ ಹಿರಿಯರಾದರೂ ತಾವು ಕಣ್ಣಾರೆ ಕಂಡುದನ್ನು ಬರೆದು ಕಳಿಸಲಿ, ಬರೆಯಲು ಬಾರದವರು ಬರೆಸಿ ಕಳಿಸಲಿ. ಅದು ಯಾರಿಗೆ ಹಿತವಾದೀತು, ಯಾರಿಗೆ ಅಹಿತವಾದೀತು ಎಂದು ತೂಗದೆ ನಾವು ಅಚ್ಚು ಹಾಕುವೆವು. ನಮ್ಮ ನಿಯಮ ಒಂದೇ: ಸತ್ತವರ ಹೆಸರು ಬರಲಿ, ಉಳಿಸಿದವರ ಹೆಸರು ಬರಲಿ, ಕೊಂದವರ ಹೆಸರು ಬೇಡ. ಅವರ ಮೊಮ್ಮಕ್ಕಳು ನಮ್ಮ ಊರುಗಳಲ್ಲಿಯೇ ನಿರಪರಾಧಿಗಳಾಗಿ ಬಾಳುತ್ತಿದ್ದಾರೆ. ಇದರಿಂದ ನಮ್ಮ ಕೆಲವು ವಾಚಕರು ಮುನಿದು ಚಂದಾ ನಿಲ್ಲಿಸಬಹುದು. ನಿಲ್ಲಿಸಲಿ. ಬರೆದ ತಪ್ಪಿಗೆ ಕೈಯನ್ನೇ ಕಳೆದುಕೊಂಡ ಸಂಪಾದಕರ ವೃತ್ತಿಯಲ್ಲಿದ್ದುಕೊಂಡು ಚಂದಾದ ಚಿಂತೆ ಮಾಡುವುದು ನಮಗೆ ನಾಚಿಕೆಗೇಡು.

ಮಟಕಿಯ ಆ ಮಗು ಈ ಸಪ್ಟೆಂಬರ 17ರ ಸಂಜೆ ತನ್ನ ಅಜ್ಜನನ್ನು ಕೇಳಿಯೇ ಕೇಳೀತು. ಅಜ್ಜನು ಸುಮ್ಮನಿರದಿರಲಿ, ಅರ್ಧವನ್ನು ಹೇಳಿ ನಿಲ್ಲಿಸದಿರಲಿ. 'ನಾವು ಹೇಳಿದರೆ ಕೇಳದ ದೊರೆತನದಿಂದ ಬಿಡುಗಡೆಯಾದೆವು, ಮಗೂ. ಆ ಮೇಲೆ ನಾವೇ ಕೆಲವು ದಿನ ಮನುಷ್ಯರಾಗಿ ಉಳಿಯಲಿಲ್ಲ' ಎಂದು ಹೇಳುವ ಧೈರ್ಯವು ಅವನಿಗೆ ಬರಲಿ. ಅಂಥ ಉತ್ತರವನ್ನು ಕೇಳಿ ಬೆಳೆದ ಮಗುವನ್ನು ಯಾವ ರಜವಿಯೂ, ಯಾವ ಬಣ್ಣದ ಅಂಗಿಯವನೂ ಸುಲಭವಾಗಿ ಮೋಸಗೊಳಿಸಲಾರನು.